ಅವ್ವನ ಉಪ್ಪಿಟ್ಟು

"ಫಾರಿನ್ ಪಿಚ್ಚರ್ ರೀ, ತಾಯಿ-ಮಗಳ ಕಥಿ. ಅವ್ವಾರ ಜೋಡಿ ನೋಡ್ರಿ," ಎಂದು ಹರೀಶ್ ಮೆಮೊರಿ ಕಾರ್ಡ್ ಕೊಟ್ಟಾಗ ನನಗೆ ನಿರಾಸೆಯೇ ಆಯಿತು. ನಾನು ಕಾಯುತ್ತಿದ್ದದ್ದು ಪ್ರೇಮದ ಸಿನಿಮಾಕ್ಕೆ.

ರಾಯದುರ್ಗದ ಜೀನ್ಸ್ ಯೂನಿಟ್‌ನಿಂದ ನಮ್ಮ ಮನೆಗೆ ಹೊಲಿಗೆಯ ಬಂಡಲ್ ತರುವವನು ಅವನು. ಬಂಡಲ್ ಇಳಿಸುತ್ತಾ ದಿನವೂ ಕಣ್ಣಲ್ಲೇ ಏನೋ ಕೇಳುತ್ತಿದ್ದ. ಬರುವ ಭಾನುವಾರ ನನ್ನನ್ನು ಕೊಡಿರೆಂದು ಅವ್ವನನ್ನು ಬಾಯಿಬಿಟ್ಟು ಕೇಳುವವನಿದ್ದ.

ನನಗೋ ಹೆದರಿಕೆ. ಹಿಂದೆ ಹೆಣ್ಣು ನೋಡಲು ಬಂದ ಮೂವರೂ ನಾನು ಮಾಡಿದ ಉಪ್ಪಿಟ್ಟು ಬಾಯಿಗಿಟ್ಟು ಎದ್ದು ಹೋಗಿದ್ದರು. ಪವಿತ್ರಾಗೆ ಅಡುಗೆ ಬರಲ್ಲ ಅಂತ ಓಣಿಗೆಲ್ಲ ಹೆಸರಾಗಿತ್ತು.

ಹೊಲಿಗೆ ಮಷೀನಿಗೆ ಫೋನ್ ಒರಗಿಸಿ ಸಿನಿಮಾ ನೋಡಿದೆವು. ಭಾಷೆ ಒಂದಕ್ಷರ ತಿಳಿಯಲಿಲ್ಲ, ಕಥೆ ಮಾತ್ರ ಪೂರ್ತಿ ತಿಳಿಯಿತು. ಮಗಳನ್ನು ಕೇಳಿಕೊಂಡು ಬಂದವರಿಗೆಲ್ಲ ತಾಯಿ ನಗುನಗುತ್ತಾ ಸೂಪಿಗೆ ವಿಷ ಬೆರೆಸಿ ಕೊಡುತ್ತಾಳೆ. ಒಬ್ಬ ತಟ್ಟೆಗೇ ಮುಖವಿಟ್ಟು ಸತ್ತ. ಅವಳು ಮೇಜಿನ ಬಟ್ಟೆ ಬದಲಿಸಿ ಮುಂದಿನವನನ್ನು ಕೂರಿಸಿದಳು. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರನೆಯವನು ಬಿದ್ದಾಗ ಅವಳ ನಗು ನಿಂತಿತು.

"ಪವಿ, ನಿನ್ನ ಉಪ್ಪಿಟ್ಟಿಗೆ ಉಪ್ಪು ನಾನ ಸುರಿದಿದ್ದೆ," ಅಂದಳು. "ನೀ ಹೋದ್ರ ಈ ಮನ್ಯಾಗ ಒಂದ ಮಷೀನ್ ಸಪ್ಪಳ ಉಳೀತೈತಿ. ತಡಕೊಳ್ಳಾಕ ಆಗ್ಲಿಲ್ಲ."

ಸಿಟ್ಟು ಬಂತು. ಆದರೆ ಆ ಮೂವರಲ್ಲಿ ಒಬ್ಬನಾದರೂ ಉಪ್ಪಿಟ್ಟು ನುಂಗಿಬಿಟ್ಟಿದ್ದರೆ, ಹರೀಶನ ಬೈಕಿನ ಸದ್ದಿಗೆ ಕಿವಿಗೊಡುವ ಭಾಗ್ಯ ನನಗೆಲ್ಲಿರುತ್ತಿತ್ತು? ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ಭಾನುವಾರ ಹರೀಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಈ ಸಲ ಅವ್ವ ತಾನೇ ಉಪ್ಪಿಟ್ಟು ಮಾಡಿ ತಂದಿಟ್ಟಳು. ಒಂದು ತುತ್ತು ಬಾಯಿಗಿಟ್ಟು ಅವನು ನನ್ನನ್ನೇ ನೋಡಿದ. ಅವನು ತಟ್ಟೆ ಖಾಲಿ ಮಾಡಿ ಮತ್ತೊಮ್ಮೆ ಹಾಕಿಸಿಕೊಂಡ.

ಆಮೇಲೆ ಅವ್ವನಿಗೆ ಹೇಳಿದ: "ಪವಿತ್ರಾನ್ನ ನನಗ ಕೊಡ್ರಿ. ಮಷೀನ್ ಇಲ್ಲೇ ಇರ್ಲಿ. ನಮ್ಮನಿ ಎರಡು ಓಣಿ ಆಚಿಗೆ ಐತಿ, ದಿನಾ ಬಂದು ಇಲ್ಲೇ ಹೊಲೀಲಿ."

ಅವ್ವ ಒಂಟಿಯಾಗುವ ಚಿಂತೆಯ ಬಗ್ಗೆ ನಾನು ಅವನಿಗೆ ಏನೂ ಹೇಳಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

ಅವನು ಹೊರಟಾಗ ಬಾಗಿಲಲ್ಲಿ ಮೆಲ್ಲಗೆ ಕೇಳಿದೆ, ಉಪ್ಪಿಟ್ಟು ಹೇಗಿತ್ತು ಅಂತ.

"ಉಪ್ಪ ಇರಲಿಲ್ರಿ."

"ಮತ್ತ ಎರಡು ಸಲ ಯಾಕ ಹಾಕಿಸ್ಕೊಂಡ್ರಿ?"

"ನಿಮ್ಮವ್ವ ನನ್ನ ಬಾಯೀನ ನೋಡ್ತಿದ್ರಲ್ರಿ."

ಮತ್ತೆ ಉಪ್ಪು ಹೆಚ್ಚಾದೀತೆಂದು ಹೆದರಿಕೊಂಡು ಅವ್ವ ಉಪ್ಪಿನ ಡಬ್ಬಿಯನ್ನೇ ಮುಟ್ಟಿರಲಿಲ್ಲ. ನಾನು ಮೊದಲ ಸಲ ಅವನ ಕೈ ಹಿಡಿದೆ. ಅಷ್ಟರಲ್ಲಿ ಒಳಗೆ ಅವ್ವ ತಾನೂ ಒಂದು ತುತ್ತು ತಿಂದು ನೋಡಿದಳೆಂದು ಕಾಣುತ್ತದೆ, ಅವಳ ನಗು ಓಣಿಗೆಲ್ಲ ಕೇಳಿಸಿತು.