ಬೆಟ್ಟ ತೋರಿಸುವ ಪಾಠ

ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೊಲಿಗೆ ಅಂಗಡಿಯ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ದಿನ ತರಬೇತಿ ವಿಮಾನ ಬೆಟ್ಟಕ್ಕೆ ಬಡಿದು ಸತ್ತ ಹುಡುಗಿಯ ತಾಯಿ ಆಕೆ. ವಿಮಾನದಲ್ಲಿ ಹುಡುಗಿಯ ಪಕ್ಕ ಕೂತಿದ್ದ ಬೋಧಕ ಕಾಲು ಮುರಿದುಕೊಂಡು ಬದುಕಿದ್ದ. ತಪ್ಪೆಲ್ಲ ಹುಡುಗಿಯದು ಎಂದು ಹೇಳಿ ತರಬೇತಿ ಶಾಲೆ ಆಗಲೇ ಕೈತೊಳೆದುಕೊಂಡಿತ್ತು. ಸತ್ತವರ ತಲೆಗೆ ಕಟ್ಟುವುದು ಸಲೀಸು, ಅವರೇನು ಎದ್ದು ಬಂದು ಜಗಳ ಆಡುತ್ತಾರೆಯೇ?

“ಆ ಮಾತು ವಾಪಸ್ ತಗೊಳ್ಳೋವರೆಗೂ ನಾನು ಹೆಣ ಮುಟ್ಟಲ್ಲ ಸಾರ್.”

“ದೂರು ಕೊಡಿ ಅಮ್ಮ, ಬರ್ಕೋತೀವಿ” ಎಂದರು ಇನ್ಸ್‌ಪೆಕ್ಟರ್.

ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಶಾಲೆಯ ಮಾಲೀಕನ ಫೋನ್ ಬಂತು.

“ಈ ಕೇಸು ಮುಂದುವರಿಸಿದ್ರೆ ನಾನು ಮೇಲಿನವರ ತನಕ ಹೋಗ್ತೀನಿ.”

“ಹೋಗಿ. ಎಫ್‌ಐಆರ್ ಪ್ರತಿ ಬೇಕಾದ್ರೆ ಕೊಡ್ತೀನಿ, ತೋರಿಸೋಕೆ ಅನುಕೂಲ ಆಗತ್ತೆ.”

ಪೊಲೀಸರು ಏದುಸಿರು ಬಿಡುತ್ತಾ ಬೆಟ್ಟ ಹತ್ತಿ, ಪಂಚರ ಎದುರು ಮಹಜರು ನಡೆಸಿದರು. ವಿಮಾನದ ಅವಶೇಷದಿಂದ ಸ್ವಲ್ಪ ದೂರದಲ್ಲಿ ಮಹಿಳಾ ಕಾನ್‌ಸ್ಟೆಬಲ್ ಒಂದು ಚಪ್ಪಟೆ ಕಲ್ಲು ಎತ್ತಿದಳು. ಅಡಿಯಲ್ಲಿ ಹಣೆಗೆ ಕಟ್ಟುವ ಪ್ಲಾಸ್ಟಿಕ್ ಮರೆ ಇತ್ತು. ಅದರ ಪಟ್ಟಿಯಲ್ಲಿ ಹುಡುಗಿಯ ಉದ್ದ ಕೂದಲು ಸಿಕ್ಕಿಕೊಂಡಿತ್ತು.

“ಗಾಳಿಗೆ ಹಾರಿ ಬಂದಿರಬಹುದು” ಎಂದ ಪಂಚರಲ್ಲೊಬ್ಬ.

“ಹೌದೌದು, ಆಮೇಲೆ ಗಾಳೀನೇ ಮೇಲೊಂದು ಕಲ್ಲೂ ಇಟ್ಟಿರಬಹುದು” ಎಂದಳು ಕಾನ್‌ಸ್ಟೆಬಲ್.

ಆ ಮರೆ ಯಾಕೆಂದು ಹುಡುಗಿಯ ಸಹಪಾಠಿ ಠಾಣೆಯಲ್ಲಿ ವಿವರಿಸಿದ. ಅದನ್ನು ಕಟ್ಟಿಕೊಂಡರೆ ಎದುರಿನ ಮೀಟರುಗಳಷ್ಟೇ ಕಾಣುತ್ತವೆ, ಹೊರಗಿನದೇನೂ ಕಾಣದು. ಮೋಡದಲ್ಲಿ ಹಾರುವ ಅಭ್ಯಾಸ ಅದು. ಅಷ್ಟು ಹೊತ್ತೂ ಹೊರಗೆ ಕಣ್ಣಿಡಬೇಕಾದವನು ಬೋಧಕ.

“ಮತ್ತೆ ಬೆಟ್ಟದ ಹತ್ತಿರ ಯಾಕೆ ಹೋದ್ರು?”

ಹುಡುಗ ತಲೆ ತಗ್ಗಿಸಿದ. “ಬೆಟ್ಟ ತೋರಿಸೋದು ಅಂತಾರೆ ಸಾರ್. ಮರೆ ಕಟ್ಟಿ ಬೆಟ್ಟದ ತನಕ ಕರ್ಕೊಂಡು ಹೋಗಿ, ತಟ್ಟನೆ ತೆಗಿ ಅಂತಾರೆ. ಎದುರಿಗೆ ಬಂಡೆ ನೋಡಿ ನಾವೆಲ್ಲ ಕಿರುಚಿದೀವಿ. ಹೋದ ಸಲ ಅವಳೊಬ್ಬಳು ಕಿರುಚಲಿಲ್ಲ.”

ಸಂಜೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಬೋಧಕನ ಬಿಗುಮಾನ ಇನ್ನೂ ಇಳಿದಿರಲಿಲ್ಲ.

“ದೂರ ಅಂದಾಜು ಮಾಡೋದ್ರಲ್ಲಿ ತಪ್ಪಿದ್ದು ಅವಳು.”

“ಕಣ್ಣಿಗೆ ಮರೆ ಕಟ್ಟಿದವಳು ಯಾವ ದೂರ ಅಂದಾಜು ಮಾಡ್ತಾಳ್ರೀ?” ಇನ್ಸ್‌ಪೆಕ್ಟರ್ ಮರೆಯನ್ನು ಹಾಕಿ ಮೊಹರು ಮಾಡಿದ ಚೀಲವನ್ನು ಮಂಚದ ಮೇಲಿಟ್ಟರು. “ತೆವಳಿಕೊಂಡು ಹೋಗಿ ಬಚ್ಚಿಟ್ರಿ. ಅವಳಿಗೆ ಉಸಿರಿದೆಯಾ ಅಂತ ಮೊದಲು ನೋಡಿದ್ರಾ?”

ಬೋಧಕ ಗೋಡೆಯ ಕಡೆ ತಿರುಗಿದ.

“ತೆಗಿ ಅನ್ನೋಕೆ ಇನ್ನೂ ಹೊತ್ತಿದೆ ಅಂದ್ಕೊಂಡೆ. ಗಾಳಿ ಕೆಳಕ್ಕೆ ಎಳೀತು.”

“ಹೋದ ಸಲ ಅವಳು ಕಿರುಚಲಿಲ್ಲವಂತೆ. ಏನ್ಮಾಡಿದ್ಲು?”

“ಬಂಡೆ ನೋಡಿದ್ಲು, ವಿಮಾನ ತಿರುಗಿಸಿದ್ಲು. ಕೆಳಗಿಳಿದ ಮೇಲೆ ಎಲ್ಲರ ಎದುರಿಗೆ, ‘ಹೆದರಿಸಿದ್ದು ಆಯ್ತಲ್ಲ ಸಾರ್, ಇನ್ನು ಪಾಠ ಹೇಳ್ಕೊಡಿ’ ಅಂದ್ಲು. ಎಲ್ಲರೂ ನಕ್ರು. ಈ ಸಲ ಒಂದು ಸಲ ಕಿರುಚಿಸಿದ್ರೆ ಸಾಕು ಅನ್ಕೊಂಡಿದ್ದೆ.”

ಹಾಸಿಗೆಯಲ್ಲೇ ಬಂಧನವಾಯಿತು. ಬಾಗಿಲಿಗೆ ಕಾವಲು ಹಾಕಿದರು.

ಠಾಣೆಯಲ್ಲಿ ಕಾಯುತ್ತಿದ್ದ ತಾಯಿಗೆ ಇನ್ಸ್‌ಪೆಕ್ಟರ್ ಏನನ್ನೂ ಮುಚ್ಚಿಡದೆ ಹೇಳಿದರು. ಬೆಳಗಿನಿಂದ ಬಿಗಿಹಿಡಿದಿದ್ದ ಅಳು ಆಗ ಹೊರಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

“ಅವಳು ಅಂದ ಮಾತು ಕೋರ್ಟಿನಲ್ಲಿ ಓದ್ತಾರಾ ಸಾರ್?”

“ಓದ್ತಾರೆ ಅಮ್ಮ.”

“ಗಟ್ಟಿಯಾಗಿ ಓದೋಕೆ ಹೇಳಿ. ಆ ಶಾಲೆಯೋರೆಲ್ಲ ಎದುರಿಗೆ ಕೂತಿರಬೇಕು.”