ಮಗು ಸಿಸ್ಟರ್‌ದು

“ಅಪ್ಪ ಬಂದ್ರಾ? ಶರ್ಟ್ ಬಿಚ್ಚಿ.”

ಮೊದಲ ಭೇಟಿಯಲ್ಲೇ ಹುಡುಗಿಯೊಬ್ಬಳು ಹೀಗೆಂದರೆ ಎಂಥ ಗಂಡಸೂ ತಬ್ಬಿಬ್ಬಾಗುತ್ತಾನೆ. ಅವನು ಲಿಫ್ಟ್ ಮೆಕ್ಯಾನಿಕ್. ಎಂಟನೇ ಮಹಡಿಯಲ್ಲಿ ನೇತಾಡುವಾಗಲೂ ನಡುಗದ ಕೈ ಈಗ ಶರ್ಟಿನ ಗುಂಡಿ ಸಿಗದೆ ಒದ್ದಾಡಿತು.

“ಇದು ನನ್ನ ಮಗು ಅಲ್ಲ. ಸಿಸ್ಟರ್‌ದು,” ಎಂದ.

ನರ್ಸ್ ನಕ್ಕಳು. “ಇಲ್ಲಿರೋವರೆಗೂ ಎಲ್ಲ ಮಕ್ಕಳೂ ಸಿಸ್ಟರ್‌ದೇ. ಮನೆಗೆ ಹೋದ್ಮೇಲೆ ನಿಮ್ದು. ಬೇಗ ಕೈ ತೊಳ್ಕೊಂಡು ಬನ್ನಿ.”

ಅವನು ಹೇಳಿದ್ದು ಒಡಹುಟ್ಟಿದ ತಂಗಿಯ ವಿಷಯ. ನರ್ಸ್ ತಿಳಿದುಕೊಂಡದ್ದು ಆಸ್ಪತ್ರೆಯಲ್ಲಿ ಎಲ್ಲರೂ ತನ್ನನ್ನು ಕರೆಯುವ ಹೆಸರು. ತಿದ್ದೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಮೇಲಿನ ಬೋರ್ಡ್ ಕಣ್ಣಿಗೆ ಬಿತ್ತು: ತಂದೆ ತಾಯಿಗೆ ಮಾತ್ರ ಪ್ರವೇಶ. ತೆರೆದ ಬಾಯಿ ಮುಚ್ಚಿಕೊಂಡಿತು. ತಂಗಿ ಬಿಪಿ ಏರಿ ಐಸಿಯುನಲ್ಲಿ ಮಲಗಿದ್ದಳು. ಅವಳ ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ನಡುಸಮುದ್ರದಿಂದ ಹಾರಿ ಬರಲು ಅವನಿಗೇನು ರೆಕ್ಕೆಯಿತ್ತೇ? ತನ್ನನ್ನೂ ಆಚೆ ಕಳಿಸಿದರೆ ಈ ಕೂಸನ್ನು ಎದೆಗೊತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು. ಅದರ ತೋಳು ಅವನ ಹೆಬ್ಬೆರಳಿಗಿಂತ ಸಣ್ಣದಿತ್ತು. ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲ. ನರ್ಸ್ ಅದನ್ನು ಅವನ ಬರಿ ಎದೆಯ ಮೇಲೆ ಕಪ್ಪೆಮರಿಯಂತೆ ಕಾಲು ಮಡಿಸಿ ಇರಿಸಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಅಗಲವಾದ ಬಟ್ಟೆಯಲ್ಲಿ ಇಬ್ಬರನ್ನೂ ಸೇರಿಸಿ ಕಟ್ಟಿದಳು.

“ಮೂಗು ಬಾಯಿ ಕಾಣ್ತಾ ಇರ್ಬೇಕು. ಕತ್ತು ಬಗ್ಗಬಾರದು. ಇವಳಿಗೆ ನಿಮ್ಮ ಮೈಬಿಸೀನೇ ಔಷಧಿ, ಗೊತ್ತಾಯ್ತಾ?”

“ಎಷ್ಟು ಹೊತ್ತು ಕೂರ್ಬೇಕು?”

“ಎಷ್ಟು ಹೊತ್ತಾದ್ರೆ ಅಷ್ಟು ಒಳ್ಳೇದು. ಒಂದು ಗಂಟೆ ಆಗೋವರೆಗೂ ಏಳೋ ಮಾತೇ ಇಲ್ಲ.”

ಹುಟ್ಟಿದಾಗಿನಿಂದ ಒಂದು ಕಡೆ ಕೂತವನಲ್ಲ ಅವನು. ಅಣ್ಣನ ಕಾಲಿಗೆ ಚಕ್ರವಿದೆ ಎಂದು ತಂಗಿ ಆಡಿಕೊಳ್ಳುತ್ತಿದ್ದಳು. ಈಗ ಮೂಗು ತುರಿಸಿದರೂ ಕೈ ಎತ್ತಲು ಭಯ. ಸ್ಟೂಲಿನ ಮೇಲಿಟ್ಟ ಫೋನ್ ಗುಂಯ್‌ಗುಡುತ್ತಲೇ ಇತ್ತು. ಅವನ ಚಡಪಡಿಕೆ ನೋಡಲಾರದೆ ನರ್ಸ್ ತಾನೇ ಅದನ್ನು ಎತ್ತಿಕೊಂಡಳು. “ಲಿಫ್ಟ್ ಒಳಗೆ ಯಾರೂ ಸಿಕ್ಕಿಹಾಕ್ಕೊಂಡಿಲ್ಲ ತಾನೇ? ಹಾಗಾದ್ರೆ ಮೆಟ್ಟಿಲು ಹತ್ತಿ, ಆರೋಗ್ಯಕ್ಕೆ ಒಳ್ಳೇದು,” ಎಂದು ಇಟ್ಟುಬಿಟ್ಟಳು.

ಅವನಿಗೆ ನಗು ಬಂತು. ಎದೆ ಕುಲುಕಿದ್ದಕ್ಕೆ ಕೂಸು ಮುಖ ಸಿಂಡರಿಸಿತು. “ನಗಬೇಡಿ,” ಎಂದು ಗದರಿದವಳ ತುಟಿಯಂಚಿನಲ್ಲೂ ನಗುವಿತ್ತು. ಅದನ್ನು ಕಂಡವನ ನೆಮ್ಮದಿ ಅಂದೇ ಹಾಳಾಯಿತು.

ಬರಬರುತ್ತ ಕೂಸಿನ ಅಂಗಾಲು ಬೆಚ್ಚಗಾಯಿತು, ಉಸಿರಾಟ ಹದಕ್ಕೆ ಬಂತು. ಹದ ತಪ್ಪಿದ್ದು ಅವನದು. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸಪ್ಪಳವಾದರೂ ಕಿವಿ ನೆಟ್ಟಗಾಗುತ್ತಿತ್ತು. ಒಂದು ಮಧ್ಯಾಹ್ನ ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಡಲು ಬಗ್ಗಿದವಳು ಕಣ್ಣೆತ್ತಿದಳು. ಎತ್ತಿದ ಕಣ್ಣನ್ನು ಇಳಿಸುವುದು ಮರೆತಳು. ಅವನಿಗೂ ಬೇರೆಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆಮೇಲೆ ಸರಕ್ಕನೆ ಹಿಂದೆ ಸರಿದು ಕೇಳಿದಳು, “ನಿಮ್ಮ ಮನೆಯವರು ಹೇಗಿದ್ದಾರೆ?”

“ಬಿಪಿ ಇಳೀತಾ ಇದೆ.”

ಮನೆಯವರು ಎಂದರೆ ಹೆಂಡತಿಯೇ ಆಗಬೇಕೆಂದೇನಿದೆ, ತಂಗಿಯೂ ಮನೆಯವಳೇ ಅಲ್ಲವೇ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಅದು ಅವನಿಗೇ ಒಪ್ಪಿಗೆಯಾಗಲಿಲ್ಲ.

ಮರುದಿನದಿಂದ ಬೇರೊಬ್ಬ ನರ್ಸ್ ಬರತೊಡಗಿದಳು. ಇವಳು ವಾರ್ಡಿನ ಆ ಬದಿಯಲ್ಲಿ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದಳು. ಕಂಡವರ ಗಂಡನಿಗೆ ಮನಸ್ಸು ಕೊಡುವವಳು ನಾನಲ್ಲ ಎಂದು ಆ ಬೆನ್ನೇ ಹೇಳುವಂತಿತ್ತು. ನಿಜ ಹೇಳಿದರೆ ಕೂಸು ಎದೆಯಿಂದ ಇಳಿಯುತ್ತದೆ, ಹೇಳದಿದ್ದರೆ ಇವಳು ಕೈತಪ್ಪುತ್ತಾಳೆ. ಅತ್ತ ದರಿ, ಇತ್ತ ಪುಲಿ. ನಡುವೆ ಅವನು ಶರ್ಟಿಲ್ಲದೆ ಕೂತಿದ್ದ.

ಒಂದು ಬೆಳಿಗ್ಗೆ ಆಯಾ ತಂಗಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಮಗುವನ್ನು ತಂಗಿ ನೋಡುತ್ತಿದ್ದದ್ದು ಅದೇ ಮೊದಲು. ಒಂದು ಬೆರಳಿನಿಂದ ಅದರ ಕೆನ್ನೆ ಮುಟ್ಟಿ, ಅತ್ತು, ಅಳುವಿನ ನಡುವೆಯೇ ಅವನನ್ನು ನೋಡಿ ನಕ್ಕಳು.

“ಅಣ್ಣಾ, ನೀನು ಹೀಗೆ ಒಂದು ಕಡೆ ಕೂತಿರೋದನ್ನ ಅಮ್ಮ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ.”

ಟ್ರೇ ಹಿಡಿದು ಹೋಗುತ್ತಿದ್ದ ನರ್ಸ್ ನಿಂತಳು. “ಅಣ್ಣನಾ?”

“ಹೂಂ, ನನ್ನ ಸ್ವಂತ ಅಣ್ಣ. ಯಾಕೆ ಸಿಸ್ಟರ್?”

ನರ್ಸ್ ಅವನನ್ನು ಒಮ್ಮೆ ನೋಡಿ ಹೊರಗೆ ನಡೆದುಬಿಟ್ಟಳು. ಹಿಂದೆಯೇ ಓಡಬೇಕೆನಿಸಿತು. ಆದರೆ ಕೂಸು ಆಗಷ್ಟೇ ನಿದ್ದೆಗೆ ಜಾರಿತ್ತು, ತಂಗಿಯ ಕೈಯಲ್ಲಿನ್ನೂ ಡ್ರಿಪ್ಪಿನ ಸೂಜಿಯಿತ್ತು. ಆಯಾ ತಂಗಿಯನ್ನು ಮರಳಿ ಕರೆದೊಯ್ದ ಮೇಲೂ ಅವನು ಕಾಲ್ಬೆರಳುಗಳನ್ನಷ್ಟೇ ಕುಣಿಸುತ್ತ ಬಾಗಿಲು ನೋಡುತ್ತಿದ್ದ.

ಕೊನೆಗೆ ಅವಳು ಥರ್ಮಾಮೀಟರ್ ಹಿಡಿದು ಬಂದಳು. ಕೂಸಿನ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

“ಚೆನ್ನಾಗಿ ಮಂಗ ಮಾಡಿದ್ರಿ.”

“ಮೊದಲ ದಿನಾನೇ ಹೇಳ್ದೆ, ಸಿಸ್ಟರ್‌ದು ಅಂತ. ನೀವೇ ನಕ್ಕಿದ್ದು.”

ಅವಳಿಗೆ ನೆನಪಾಯಿತು. ನಗು ಬಂದರೂ ಸಿಟ್ಟು ಬಿಟ್ಟುಕೊಡಲಿಲ್ಲ. “ಆಮೇಲೆ ಹೇಳೋಕೆ ಬಾಯಿಗೆ ಬೀಗ ಹಾಕಿತ್ತಾ?”

“ಬೋರ್ಡ್ ನೋಡ್ದೆ. ಇವಳನ್ನ ಕಿತ್ಕೊಂಡು ನನ್ನ ಆಚೆ ಕಳಿಸ್ತೀರ ಅಂತ ಹೆದರಿಕೆ.”

“ಆ ಬೋರ್ಡು ಸುಮ್ನೆ ನೋಡೋಕೆ ಬರೋರಿಗೆ. ಮಗೂನ ಎದೆಗೆ ಕಟ್ಕೊಳ್ಳೋಕೆ ಅಜ್ಜಿ, ಚಿಕ್ಕಮ್ಮ, ಮಾವ ಯಾರಾದ್ರೂ ಆಗ್ತಾರೆ. ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅವಳ ದನಿ ತಗ್ಗಿತು. “ನಾನು ನನ್ನನ್ನೇ ಎಷ್ಟು ಬೈಕೊಂಡೆ ಗೊತ್ತಾ? ಹೆಂಡತಿ ಐಸಿಯುನಲ್ಲಿರೋ ಮನುಷ್ಯನ ಮೇಲೆ...”

ಅವನಿಗೆ ಅಷ್ಟು ಸಾಕಾಗಿತ್ತು.

“ಈಗಲಾದ್ರೂ ಸರಿಯಾಗಿ ಹೇಳಿ,” ಎಂದಳು. “ಈ ಪಾಪುಗೆ ನೀವು ಏನಾಗಬೇಕು?”

“ಸೋದರಮಾವ. ನೀವು?”

“ನಾನೇನಾಗಬೇಕು? ಏನೂ ಇಲ್ಲ.”

“ಆಗಬಹುದಲ್ಲ.” ತನ್ನ ಎದೆಬಡಿತಕ್ಕೆ ಕೂಸು ಎದ್ದೀತೆಂದು ಅದರ ಬೆನ್ನಿಗೆ ಅಂಗೈ ಆನಿಸಿದ. “ಸೋದರಮಾವನ ಹೆಂಡತೀನ ಮಕ್ಕಳು ಏನಂತ ಕರೀತಾರೆ?”

ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದದ್ದೇ ಕಿವಿಯವರೆಗೂ ಕೆಂಪಾದಳು. ಬಗ್ಗಿ ಕೂಸಿನ ಟೋಪಿ ಸರಿಮಾಡಿ, ಅದಕ್ಕೆ ಮಾತ್ರ ಕೇಳಿಸಬೇಕೆಂಬಂತೆ, ಆದರೆ ಅವನಿಗೆ ಚೆನ್ನಾಗಿ ಕೇಳಿಸುವಂತೆ ಹೇಳಿದಳು:

“ಪುಟ್ಟೀ, ನಿನ್ನ ಮಾವನಿಗೆ ಹೇಳು. ಅತ್ತೆ ಡ್ಯೂಟಿ ಮುಗಿಯೋದು ಸಾಯಂಕಾಲ. ಅಲ್ಲೀವರೆಗೂ ಎಲ್ಲೂ ಹೋಗಬಾರದಂತೆ.”