ಬೆಲ್ಲದ ಕಾಫಿಗೊಂದು ಮಗ್ಗು

ಮುಚ್ಚಳ ತಿರುಗಿಸುತ್ತಿದ್ದಂತೆಯೇ ಹೇಮಶ್ರೀಗೆ ಗೊತ್ತಾಯಿತು, ಇವತ್ತೂ ಅದೇ ಗತಿ.

ಬಸ್ಸು ಚಿನಕುರಳಿ ದಾಟಿತ್ತು. ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂಗಳ ಮೇಲೆ ಎಳೆ ಬಿಸಿಲು ತೂಗುತ್ತಿತ್ತು. ಇಂಥ ಹೊತ್ತಿನಲ್ಲಿ ಒಂದು ಗುಟುಕು ಬಿಸಿ ಕಾಫಿ ಕುಡಿಯಬೇಕು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ದಿನಾ ಹೋಗಿ, ಲ್ಯಾಬಿನಲ್ಲಿ ಸಂಜೆತನಕ ರಕ್ತ ತೆಗೆಯುವವಳಿಗೆ ಇದೇನು ದೊಡ್ಡ ಆಸೆಯೇ? ಮಗ್ಗಿನೊಳಗೆ ನೋಡಿದರೆ ಹಾಲು ಒಡೆದು ತರಿತರಿಯಾಗಿ, ನೀರು ಬೇರೆ, ಗಸಿ ಬೇರೆ.

"ರೀ ತಿಮ್ಮರಾಜು!"

ಎರಡು ಸೀಟು ಹಿಂದೆ ತಿಮ್ಮರಾಜು ಕಣ್ಣು ಮುಚ್ಚಿಕೊಂಡು ಕುಳಿತಿದ್ದ. ಕೆ.ಆರ್. ಪೇಟೆ ಬಸ್‌ಸ್ಟಾಂಡಿನ ಹತ್ತಿರ ಅವನದು ಪಾತ್ರೆ ಅಂಗಡಿ. ಮಗ್ಗು ಮಾರಿದವನು ಅವನೇ. ಮಾರಿದವನು ಕೊಂಡವಳ ಬಸ್ಸಿನಲ್ಲೇ ದಿನಾ ಹೋಗಬೇಕಾದದ್ದು ಅವನ ಹಣೆಬರಹ.

"ನಿದ್ದೆ ಮಾಡ್ತಿಲ್ಲ ಅಂತ ಗೊತ್ತು. ರೆಪ್ಪೆ ಅದುರ್ತಾವೆ."

ಅವನು ಒಂದೇ ಕಣ್ಣು ತೆರೆದ. "ಮತ್ತೆ ಒಡೀತಾ ಮೇಡಂ?"

"ಮೂಸಿ ನೋಡಿ."

ಮುಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಬೈರಮ್ಮ ತಿರುಗಿ ನಕ್ಕಳು. "ಇಸ್ಕೊಳ್ಲಾ ತಿಮ್ಮರಾಜ, ನಾಚ್ಕೊಬ್ಯಾಡ. ತೀರ್ಥ ಕೊಟ್ಟಂಗೆ ದಿನಾ ಕೊಡ್ತಾವ್ಳೆ."

ಬಸ್ಸೆಲ್ಲ ನಕ್ಕಿತು. ಹೇಮಶ್ರೀಗೆ ನಗು ಬರಲಿಲ್ಲ.

ಮೊದಲು ಕೊಂಡ ಮಗ್ಗು ಸೋರಿ ಬ್ಯಾಗಿನಲ್ಲಿದ್ದ ಬಿಳಿ ಕೋಟು ಹಾಳಾಯಿತು. ಬದಲಿಗೆ ಕೊಟ್ಟದ್ದರ ಬಾಯಿ ಎಷ್ಟು ಕಿರಿದೆಂದರೆ ತೊಳೆಯಲು ಕೈ ಹೋಗದು. ಆಮೇಲಿನದು ಸೋರಲಿಲ್ಲ, ಕೈಯೂ ಹೋಗುತ್ತಿತ್ತು, ಬಿಸಿಯೂ ಇರುತ್ತಿತ್ತು. ಕಾಫಿ ಮಾತ್ರ ಒಡೆಯುತ್ತಿತ್ತು. ಅದನ್ನೂ ಬದಲಾಯಿಸಿದ. ಅದರಲ್ಲೂ ಒಡೆಯಿತು.

ಅವಳ ಸಿಟ್ಟು ಮಗ್ಗಿನ ಮೇಲಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ತಿಮ್ಮರಾಜುವಿನ ಕಣ್ಣು ದಿನಾ ಸಿಕ್ಕುತ್ತಿತ್ತು. ಸಿಕ್ಕ ಕೂಡಲೇ ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಓದತೊಡಗುತ್ತಿದ್ದ. ಟಿಕೆಟ್ಟಿನಲ್ಲಿ ಓದಲು ಅಷ್ಟೇನಿರುತ್ತದೆ? ಹೊಸ ಮಗ್ಗು ಕೊಡುವಾಗ ಬೆರಳು ತಾಗಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಬಾಯಿಂದ ಬರುತ್ತಿದ್ದುದು ಮಾತ್ರ ಮುಚ್ಚಳದ ರಬ್ಬರಿನ ವಿಷಯ.

ಹಿಂದಿನ ದಿನ, ಗುರುವಾರ, ಅವಳೇ ನಾಚಿಕೆ ಬಿಟ್ಟು ಹೇಳಿದ್ದಳು. "ಭಾನ್ವಾರ ನಾಗಮಂಗಲದ ಕಡೆಯೋರು ನನ್ನ ನೋಡಾಕೆ ಬರ್ತಾವ್ರೆ. ಅಪ್ಪ ಒಪ್ಕೊಂಡವ್ರೆ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದ. ಹೇಮಶ್ರೀ ಉಸಿರು ಹಿಡಿದಳು.

"ಅಷ್ಟ್ರೊಳಗೆ ಇನ್ನೊಂದು ಮಗ್ಗು ತರಿಸ್ಕೊಡ್ತೀನಿ ಮೇಡಂ. ಡಬಲ್ ವಾಲ್ ಇರೋದು."

ಅವಳು ಮುಚ್ಚಳ ಬಿಗಿಯಾಗಿ ತಿರುಗಿಸಿ ಕಿಟಕಿ ಕಡೆ ತಿರುಗಿಕೊಂಡಳು.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅಜ್ಜಿ ಇಟ್ಟುಹೋಗಿದ್ದ ಬೆಲ್ಲದ ಕಾಫಿಯನ್ನು ಹೇಮಶ್ರೀ ಎಂದಿನಂತೆ ಮತ್ತೆ ಒಲೆಗೇರಿಸಿದಳು. ಕುದಿಕುದಿ ಇರುವಾಗಲೇ ತುಂಬಿದರೆ ದಾರಿಯಲ್ಲಿ ಬಿಸಿ ಉಳಿಯುತ್ತದೆಂದು ಅವಳ ಲೆಕ್ಕ. ದಿನಾ ಆ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತಿದ್ದ ಅಜ್ಜಿ ಪುಟ್ಟಗೌರಮ್ಮ ಅಂದು ಹಾಲಿನ ಕ್ಯಾನು ಹಿಡಿದು ಬೇಗ ಒಳಗೆ ಬಂದರು.

"ಅಯ್ಯೋ, ಇದೇನವ್ವ! ಬೆಲ್ಲ ಆಕಿರೋದ ಕುದುಸ್ತಾ ಇದ್ದೀಯಾ?"

"ಬಿಸಿ ಇರ್ಲಿ ಅಂತ ಅಜ್ಜಿ."

"ಒಡೀದೆ ಇನ್ನೇನಾಯ್ತದೆ? ಬೆಲ್ಲದ ಕಾಫಿನ ಬೆರೆಸಿದ ತಕ್ಷಣ ಕುಡ್ದುಬುಡ್ಬೇಕು. ಕುದುಸ್ಬುಟ್ಟು ಡಬ್ಬೀಲಿ ಕೂಡಾಕಿದ್ರೆ ಚಿನ್ನದ ಡಬ್ಬಿಯಾದ್ರೂ ಅಷ್ಟೇಯ."

ಹೇಮಶ್ರೀ ಅಲ್ಲೇ ಮಣೆ ಎಳೆದುಕೊಂಡು ಕುಳಿತಳು. ತುಂಬಿದ ಬಸ್ಸಿನಲ್ಲಿ ಅವನಿಗೆ ಅಂದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಈಗ ಹೇಳದಿದ್ದರೆ ಅವನಿಗೆ ಅನ್ಯಾಯ. ಹೇಳಿಬಿಟ್ಟರೆ ಹಿಂದಿರುಗಿ ಅವನ ಹೆಸರು ಕೂಗಲು ನೆಪವೇ ಇಲ್ಲ. ನಾಳೆ ನಾಗಮಂಗಲದವರು ಬಂದು ಒಪ್ಪಿದರೆ, ಈ ಬಸ್ಸೂ ಇಲ್ಲ.

ಬಸ್ಸಿನಲ್ಲಿ ಅವನು ಹೊಸ ಮಗ್ಗು ಹಿಡಿದು ಕಾಯುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಶುರುಮಾಡಿದ.

"ಆ ಕಂಪನಿ ಮಾಲು ಇನ್ಮೇಲೆ ನಮ್ ಅಂಗ್ಡೀಲಿ ಇಡಲ್ಲ ಮೇಡಂ. ನೆನ್ನೆ ಅವರ ಸೇಲ್ಸ್‌ನೋನು ಬಂದಿದ್ದ. ಮಗ್ಗಲ್ಲೇನೂ ತಪ್ಪಿಲ್ಲ, ಆಯಮ್ಮನೇ ಸರ್ಯಾಗಿ ತೊಳಿಯಲ್ಲ ಅಂದ. ನಂಗೆ ರೇಗೋಯ್ತು. ನಮ್ ಹೇಮಶ್ರೀ ಬಗ್ಗೆ ಇನ್ನೊಂದ್ ಮಾತಾಡಿದ್ರೆ ಚೆನ್ನಾಗಿರಲ್ಲ ಅಂದ್ಬುಟ್ಟು..."

ಅಲ್ಲಿಗೆ ನಿಂತುಹೋದ. ಕಿವಿ ಕೆಂಪಾಯಿತು, ಕತ್ತೂ ಕೆಂಪಾಯಿತು.

"ಯಾರ ಹೇಮಶ್ರೀ ಅಂದ್ಯಲಾ?" ಬೈರಮ್ಮ ಮಂಕರಿ ಪಕ್ಕಕ್ಕೆ ಸರಿಸಿದಳು.

ಹೇಮಶ್ರೀ ಅವನ ಕಡೆ ಪೂರ್ತಿ ತಿರುಗಿದಳು. "ತಪ್ಪು ಮಗ್ಗಿಂದಲ್ಲ," ಅಂದಳು. "ನಂದು. ಬೆಲ್ಲ ಹಾಕಿದ್ ಕಾಫಿನ ಕುದಿಸಿ ತುಂಬ್ತಿದ್ದೆ. ಅದಕ್ಕೇ ಒಡೀತಿತ್ತು. ಇವತ್ತು ಅಜ್ಜಿ ಹೇಳಿದ್ಮೇಲೆ ಗೊತ್ತಾಯ್ತು. ನಿಮಗೆ ಸುಮ್ ಸುಮ್ನೆ ಬೈದೆ."

ಅವನು ನಗಬಹುದು, ಸಿಟ್ಟಾಗಬಹುದು ಎಂದುಕೊಂಡಿದ್ದಳು. ಅವನು ಕೈಯಲ್ಲಿದ್ದ ಹೊಸ ಮಗ್ಗನ್ನು ನೋಡುತ್ತಾ ಮೆಲ್ಲಗೆ ಕೇಳಿದ, "ಅಂದ್ರೆ, ಇನ್ಮೇಲೆ ಬೈಯಲ್ವಾ?"

"ಬೈಯಾಕೆ ಬೇರೆ ಕಾರಣ ಐತೆ."

"ಏನು?"

"ನಾಳೆ ಭಾನ್ವಾರ."

ತಿಮ್ಮರಾಜು ಸೀಟು ಬಿಟ್ಟು ಎದ್ದ. ಕಂಬಿ ಹಿಡಿದು ಅವಳ ಸೀಟಿನ ಪಕ್ಕ ಬಂದು ನಿಂತ. ಈ ಸಲ ಕನ್ನಡಿಯಲ್ಲಲ್ಲ, ನೇರವಾಗಿ ಅವಳ ಕಣ್ಣಿಗೇ ನೋಡಿದ.

"ಅವ್ರಿಗೆ ಬರಬ್ಯಾಡಿ ಅಂತ ಹೇಳ್ಸಿ."

"ಯಾಕೆ ಅಂತ ಅಪ್ಪ ಕೇಳಿದ್ರೆ?"

"ನಮ್ಮವ್ವನ್ನ ಕರ್ಕೊಂಡು ನಾನು ಬರ್ತಾ ಇದ್ದೀನಿ ಅಂತ."

ಅವಳ ಕಣ್ಣು ತುಂಬಿಕೊಂಡಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇಷ್ಟು ಹೇಳಾಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?"

"ನೀವು ಉಸಿರೇ ತಗೊಳ್ದೆ ಬೈತಿದ್ರಿ. ನಡುವೆ ಸಂದೇ ಸಿಗ್ಲಿಲ್ಲ."

ಹೇಮಶ್ರೀ ಮೊಬೈಲು ತೆಗೆದು ಅಪ್ಪನ ನಂಬರು ಒತ್ತಿದಳು. "ಅಪ್ಪಾ, ಒಬ್ರು ಮಾತಾಡ್ಬೇಕಂತೆ," ಎಂದು ಅವನ ಕೈಗೆ ಕೊಟ್ಟುಬಿಟ್ಟಳು.

"ನಮಸ್ಕಾರ ಯಜಮಾನ್ರೆ. ನಾನು ಪಾತ್ರೆ ಅಂಗ್ಡಿ ತಿಮ್ಮರಾಜು. ನಿಮ್ ಮಗಳು ನಮ್ಮಲ್ಲಿ ತಗೊಂಡ ಮಗ್ಗಿಗೆ ಒಳ್ಳೇ ರಬ್ಬರು..."

ಹೇಮಶ್ರೀ ಕಣ್ಣು ಕೆಕ್ಕರಿಸಿದಳು. ಅವನು ಗಂಟಲು ಸರಿಮಾಡಿಕೊಂಡ.

"ಅದಲ್ಲ ಯಜಮಾನ್ರೆ. ಹೇಮಶ್ರೀನ ನಂಗೆ ಕೊಡ್ತೀರಾ ಅಂತ ಕೇಳಾಕೆ ನಾಳೆ ನಿಮ್ಮನೆಗೆ ಬರ್ಬೇಕು ಅಂತಿದ್ದೀನಿ. ಅವರೂ ಒಪ್ಪವ್ರೆ."

ಕೆ.ಆರ್. ಪೇಟೆ ಬಂದಿತ್ತು. ಕಂಡಕ್ಟರು ಇಳೀರಿ ಇಳೀರಿ ಎಂದು ಕೂಗಿದ. ಒಬ್ಬರೂ ಇಳಿಯಲಿಲ್ಲ. ಎಲ್ಲರ ಕಿವಿ ಫೋನಿನ ಕಡೆಗಿತ್ತು. ಅಪ್ಪ ಫೋನು ಕೈಲಿ ಹಿಡಿದು ಅಜ್ಜಿಯನ್ನು ಏನೋ ಕೇಳಿದಂತಾಯಿತು, ಅಜ್ಜಿ ಜೋರಾಗಿ ಏನೋ ಅಂದಂತಾಯಿತು. ಆಮೇಲೆ ಅಪ್ಪನ ದಪ್ಪ ದನಿ ಬಸ್ಸಿಗೆಲ್ಲ ಕೇಳಿಸಿತು.

"ಎಷ್ಟು ಜನ ಬತ್ತೀರಪ್ಪ?"

ತಿಮ್ಮರಾಜು ತಬ್ಬಿಬ್ಬಾಗಿ ಹೇಮಶ್ರೀಯ ಮುಖ ನೋಡಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ.

ಬೈರಮ್ಮ ಕೈ ಎತ್ತಿದಳು. "ನನ್ನೂ ಸೇರುಸ್ಕೊಂಡು ಯೋಳ್ಲಾ!"